ನಿಮ್ಮೂರ ಪಿನ್‌ಕೋಡ್ ಬಿಡಿಸಿ ನೋಡಿ: ದೊಡ್ಡ ಸಂಖ್ಯೆಯ ಒಳಗುಟ್ಟು ತಿಳಿಯುವ ಬಗೆ

ಬಳ್ಳಾರಿ ಕಡೆ ರೈಲ್ವೆ ಗೇಟು ಬಿತ್ತೆಂದರೆ ಬೈಕ್ ಆಫ್ ಮಾಡಿ ಕೂರುವುದೇ ವಾಸಿ. ಅದಿರಿನ ಗೂಡ್ಸ್ ಬಂದರೆ ಬೇಗ ಮುಗಿಯುವುದಿಲ್ಲ. ಹೀಗೇ ಒಂದು ಸಂಜೆ ಗೇಟಿನಲ್ಲಿ ನಿಂತಿದ್ದೆವು. ಹಿಂದೆ ಕೂತಿದ್ದ ಅಕ್ಕನ ಮಗ ವ್ಯಾಗನ್‌ಗಳ ಮೇಲಿನ ನಂಬರ್ ಓದುತ್ತಿದ್ದ. ಒಂದೊಂದೂ ಹನ್ನೊಂದು ಅಂಕಿ.

"ಮಾಮಾ, ಇಷ್ಟುದ್ದ ನಂಬರು ಏಳರಿಂದ ಭಾಗ ಹೋಗ್ತದೋ ಇಲ್ಲೋ, ಹೆಂಗ ಗೊತ್ತಾಗ್ತದ?"

"ಭಾಗಿಸಿ ನೋಡಬೇಕು" ಅಂದೆ. ಅದು ಸೋಮಾರಿ ಉತ್ತರ. ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಮನೆಗೆ ಹೋಗಿ ಹಾಳೆ ತೆಗೆದು ಕೂತೆವು. ಅವತ್ತು ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವುದು ಒಂದು ಪೆನ್ಸಿಲ್ಲು, 20ರವರೆಗಿನ ಮಗ್ಗಿ, ಒಂದಿಷ್ಟು ತಾಳ್ಮೆ. ಮೊಬೈಲ್ ಪಕ್ಕಕ್ಕಿಡಿ, ಕೊನೆಗೆ ಬೇಕಾಗುತ್ತದೆ.

ಮೊದಲು ಸಂಖ್ಯೆ ಆರಿಸಿಕೊಳ್ಳಿ

ನಾವು ಪಿನ್‌ಕೋಡ್ ತಗೊಂಡೆವು. ಎಲ್ಲರಿಗೂ ಬಾಯಿಪಾಠ ಇರುತ್ತದೆ, ಆರೇ ಅಂಕಿ, ಊರಿನ ಹೆಸರೂ ಅಂಟಿಕೊಂಡಿರುತ್ತದೆ. ಬಳ್ಳಾರಿ 583101, ರಾಯಚೂರು 584101, ಕೊಪ್ಪಳ 583231. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಆದರೂ ಅದರ ಪಿನ್‌ಕೋಡ್ ಬಳ್ಳಾರಿಯ ಹಾಗೆ 583ರಿಂದಲೇ ಶುರುವಾಗುತ್ತದೆ. ಅಂಚೆಯವರ ಲೆಕ್ಕ ಬೇರೆ, ಜಿಲ್ಲೆಯ ಗಡಿ ಬೇರೆ.

ನಮ್ಮ ಗುರಿ ಇಷ್ಟು: ಈ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸುವುದು. ಅವಿಭಾಜ್ಯ ಎಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ್ದು, 2, 3, 5, 7, 11 ಹೀಗೆ. ಯಾವ ಸಂಖ್ಯೆಯನ್ನೇ ಆಗಲಿ ಹೀಗೆ ಬಿಡಿಸಿದರೆ ಬರುವ ಉತ್ತರ ಒಂದೇ. ನೀವು ಯಾವ ದಾರಿ ಹಿಡಿದರೂ ಅದೇ ಬಿಡಿಭಾಗಗಳು ಕೈಗೆ ಬರುತ್ತವೆ. ಅವು ಬಂದ ಮೇಲೆ ಸಂಖ್ಯೆಯ ಉಳಿದ ಗುಣಗಳನ್ನೆಲ್ಲ ಸುಲಭವಾಗಿ ಲೆಕ್ಕ ಹಾಕಬಹುದು.

ಹೆಜ್ಜೆ 1: ಬಾಲ ನೋಡಿ

ಕೊನೆಯ ಅಂಕಿ ಸಮವಾಗಿದ್ದರೆ 2, ಕೊನೆಗೆ 0 ಅಥವಾ 5 ಇದ್ದರೆ 5. ಇದು ಎಲ್ಲರಿಗೂ ಗೊತ್ತು. ಆದರೆ ಒಂದು ಸಲ ಅರ್ಧ ಮಾಡಿ ಬಿಟ್ಟುಬಿಡಬೇಡಿ. ಸಿಂಧನೂರಿನ ಪಿನ್‌ಕೋಡ್ 584128 ತಗೊಳ್ಳಿ. ಅರ್ಧ ಮಾಡುತ್ತಾ ಹೋದರೆ 292064, 146032, 73016, 36508, 18254, 9127. ಆರು ಸಲ ಅರ್ಧವಾಯಿತು! ಉಳಿದ 9127 ಅವಿಭಾಜ್ಯ. ಅಂದರೆ 584128 = 2⁶ × 9127. ಈ ಸಿಂಧನೂರಿನ ಹತ್ತಿರ ಮತ್ತೆ ಬರುತ್ತೇನೆ, ಅಲ್ಲೊಂದು ಮಜಾ ಇದೆ.

ಸಂಖ್ಯೆ ಉದ್ದ ಇದ್ದರೆ ಬಿಡಿಸುವುದು ಕಷ್ಟ ಅಂತ ಹೆದರುವವರಿಗೆ ಇನ್ನೊಂದು ಉದಾಹರಣೆ. ತುಂಗಭದ್ರಾ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿದ ಮೇಲೆ 105.788 ಟಿಎಂಸಿ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ಅಂಕಿಯಲ್ಲಿ ಅದು 1,05,78,80,00,000 ಘನ ಅಡಿ. ಹನ್ನೆರಡು ಅಂಕಿ. ಆದರೆ ಕೊನೆಯ ಆರು ಸೊನ್ನೆ ತೆಗೆದಿಟ್ಟರೆ ಉಳಿಯುವುದು ಬರೀ 105788. ಅದನ್ನು ಎರಡು ಸಲ ಅರ್ಧ ಮಾಡಿದರೆ 26447. ಅದು 53 × 499. ಇದನ್ನು ಹೇಗೆ ಹಿಡಿಯುವುದು ಎಂದು ಮುಂದೆ ಹೇಳುತ್ತೇನೆ. ಆರು ಸೊನ್ನೆ ಎಂದರೆ 2⁶ × 5⁶. ಎಲ್ಲ ಸೇರಿಸಿದರೆ 2⁸ × 5⁶ × 53 × 499. ಇಡೀ ಡ್ಯಾಮ್ ಮುಗಿಯಿತು. ರಾಯಚೂರಿನ ಆರಂಕಿ ಇದಕ್ಕಿಂತ ಜಾಸ್ತಿ ಕಾಡುತ್ತದೆ, ನೋಡುತ್ತಿರಿ.

ಹೆಜ್ಜೆ 2: ಮೂರು ಮೂರಾಗಿ ಕತ್ತರಿಸಿ, ಒಂದು ಸಲ ಕಳೆಯಿರಿ, ಒಂದು ಸಲ ಕೂಡಿಸಿ

ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಇದೇ ಮುಖ್ಯ. ಶಾಲೆಯಲ್ಲಿ 3, 9, 11ಕ್ಕೆ ಬೇರೆ ಬೇರೆ ನಿಯಮ ಹೇಳಿಕೊಡುತ್ತಾರೆ, 7 ಬಂದಾಗ ಜಾರಿಕೊಳ್ಳುತ್ತಾರೆ. ಎಲ್ಲವನ್ನೂ ಎರಡೇ ಲೆಕ್ಕದಲ್ಲಿ ಮುಗಿಸಬಹುದು.

ಬಲಗಡೆಯಿಂದ ಮೂರು ಮೂರು ಅಂಕಿಗೆ ಗೆರೆ ಹಾಕಿ. ಬಳ್ಳಾರಿ: 583 | 101. ಈಗ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ. 583 − 101 = 482. ಈ 482ನ್ನು 7, 11, 13ರಿಂದ ಭಾಗಿಸಿ ನೋಡಿ. ಯಾವುದರಿಂದಲೂ ಹೋಗುವುದಿಲ್ಲ. ಹಾಗಾದರೆ 583101 ಕೂಡ ಹೋಗುವುದಿಲ್ಲ.

ರಾಯಚೂರು: 584 − 101 = 483. ಇದು 7 × 69. ಸಿಕ್ಕಿತು! 584101 = 7 × 83443.

ಕೊಪ್ಪಳ: 583 − 231 = 352. ಇದು 11 × 32. ಅಂದರೆ 583231 = 11 × 53021.

ಯಾಕೆ ಹೀಗೆ? 7 × 11 × 13 = 1001. ಸಾವಿರ ಎಂದರೆ 1001ಕ್ಕೆ ಒಂದು ಕಮ್ಮಿ. 583 ಸಾವಿರ ಎಂದರೆ 583 ಸಲ 1001, ಅದರಲ್ಲಿ 583 ಕಮ್ಮಿ. 1001ರ ಭಾಗ 7, 11, 13ಕ್ಕೆ ಹೇಗೂ ಹೋಗುತ್ತದೆ. ಉಳಿಯುವುದು 101 ಮತ್ತು 583ರ ವ್ಯತ್ಯಾಸ ಮಾತ್ರ, ಅದನ್ನೇ ನೋಡಿದರೆ ಸಾಕು.

ಇನ್ನು ಕೂಡುವ ಲೆಕ್ಕ. 999 = 27 × 37. ಸಾವಿರ ಎಂದರೆ 999ಕ್ಕೆ ಒಂದು ಜಾಸ್ತಿ. ಆದ್ದರಿಂದ ಇಲ್ಲಿ ತುಂಡುಗಳನ್ನು ಕೂಡಬೇಕು. ಬಂದ ಮೊತ್ತದಲ್ಲಿ 3, 9, 27, 37 ಹುಡುಕಬೇಕು. ಬಳ್ಳಾರಿ: 583 + 101 = 684, ಇದು 9 × 76. ಹಾಗಾಗಿ 583101 = 9 × 64789. ರಾಯಚೂರು: 685, ಏನೂ ಸಿಗಲಿಲ್ಲ. ಕೊಪ್ಪಳ: 583 + 231 = 814, ಇದು 37 × 22. ಕೊಪ್ಪಳದ ಪಿನ್‌ಕೋಡ್ 37ರಿಂದ ಭಾಗ ಹೋಗುತ್ತದೆ! 53021 ÷ 37 = 1433. ಕೊಪ್ಪಳದ ಗಾಡಿಗಳ ನಂಬರ್ ಪ್ಲೇಟ್ ಯಾವುದು ಹೇಳಿ? ಕೆಎ 37. ಇದು ಕಾಕತಾಳೀಯ ಅಷ್ಟೇ, ಇದರ ಹಿಂದೆ ಜ್ಯೋತಿಷ್ಯ ಹುಡುಕಬೇಡಿ. ಆದರೆ ಹುಡುಗ ಮಾತ್ರ ಅವತ್ತು ಕುಣಿದಾಡಿಬಿಟ್ಟ.

ಆರಂಕಿಗಿಂತ ಉದ್ದ ಇದ್ದರೆ? ಬಲಗಡೆಯಿಂದ ಒಂದು ತುಂಡು ಕೂಡಿ, ಮುಂದಿನದು ಕಳೆಯಿರಿ, ಮತ್ತೆ ಕೂಡಿ. ವ್ಯಾಗನ್ ನಂಬರಿನ ಹಾಗೆ ಹನ್ನೊಂದು ಅಂಕಿಯನ್ನು ನಾನೇ ಸುಮ್ನೆ ಬರೆದುಕೊಂಡೆ: 22120945678. ತುಂಡು ಮಾಡಿದರೆ 22 | 120 | 945 | 678. ಈಗ 678 − 945 + 120 − 22 = −169. ಮೈನಸ್ ಮರೆತುಬಿಡಿ. 169 ಎಂದರೆ 13 × 13. ಆದ್ದರಿಂದ ಆ ಹನ್ನೊಂದು ಅಂಕಿ 13ರಿಂದ ಭಾಗ ಹೋಗುತ್ತದೆ. 7ರಿಂದ ಹೋಗುವುದಿಲ್ಲ, 11ರಿಂದಲೂ ಇಲ್ಲ. ಗೇಟು ತೆಗೆಯುವುದರೊಳಗೆ ಬಾಯಲ್ಲೇ ಮಾಡಬಹುದಾದ ಲೆಕ್ಕ ಇದು.

ಅಂದಹಾಗೆ ವ್ಯಾಗನ್‌ನ ಆ ಹನ್ನೊಂದು ಅಂಕಿ ಸುಮ್ಮನೆ ಹಾಕಿದ ಕ್ರಮಸಂಖ್ಯೆ ಅಲ್ಲ. ಮೊದಲ ಎರಡು ವ್ಯಾಗನ್ ಯಾವ ಬಗೆಯದು ಎನ್ನುತ್ತವೆ. ಮುಂದಿನ ಎರಡು ಯಾರದ್ದು, ಆಮೇಲಿನ ಎರಡು ಯಾವ ವರ್ಷ ತಯಾರಾದದ್ದು. ಆಮೇಲೆ ನಾಲ್ಕಂಕಿಯ ಕ್ರಮಸಂಖ್ಯೆ. ಕೊನೆಯದು ತಪ್ಪು ಹಿಡಿಯುವ ಅಂಕಿ, ಹಿಂದಿನ ಹತ್ತರಿಂದ ಲೆಕ್ಕ ಹಾಕಿ ಬರೆದದ್ದು.

ಈ 1001ರಿಂದ ಮಕ್ಕಳಿಗೊಂದು ಜಾದೂ ಮಾಡಬಹುದು. ಯಾವುದಾದರೂ ಮೂರಂಕಿ ಬರೆಯಲು ಹೇಳಿ, ಅದನ್ನೇ ಪಕ್ಕದಲ್ಲಿ ಇನ್ನೊಮ್ಮೆ ಬರೆಸಿ. ಬಳ್ಳಾರಿಯ ಎಸ್‌ಟಿಡಿ ಕೋಡಿನ ಕೊನೆಯ ಮೂರಂಕಿ ತಗೊಂಡರೆ 392392. ಅದನ್ನು 7ರಿಂದ, ಬಂದದ್ದನ್ನು 11ರಿಂದ, ಅದನ್ನು 13ರಿಂದ ಭಾಗಿಸಿದರೆ 392 ವಾಪಸ್ ಬರುತ್ತದೆ. ಗುಣಾಕಾರದಲ್ಲಿ ಇಂಥ ಚಂದ ಹುಡುಕುವುದು ನಮ್ಮ ಕಡೆ ಹಳೇ ಹವ್ಯಾಸ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಗುಣಿಸಿದಾಗ ಹಾರದ ಹಾಗೆ ಕಾಣುವ ಸಂಖ್ಯೆಗಳಿವೆ. 139 × 109 ಮಾಡಿ ನೋಡಿ, 15151. ಎಡದಿಂದ ಓದಿ, ಬಲದಿಂದ ಓದಿ, ಒಂದೇ.

ಒಂಬತ್ತರ ಬಗ್ಗೆ ಒಂದು ಮಾತು

ನಾನು ಗಂಗಾವತಿಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಭತ್ತದ ಸೀಸನ್ನಿನಲ್ಲಿ ಒಂದು ರಾತ್ರಿ ಕೀರ್ದಿಗೂ ಖಾತೆಗೂ 2,700 ರೂಪಾಯಿ ತಾಳೆಯಾಗಲಿಲ್ಲ. ತಪ್ಪು ನನ್ನದೇ. ಹತ್ತು ಗಂಟೆಯಾದರೂ ಸಿಗಲಿಲ್ಲ. ಅಲ್ಲಿದ್ದ ಹಿರಿಯ ಗುಮಾಸ್ತರು ಬಂದು ಬರೀ ಫರಕು ನೋಡಿದರು. "ಫರಕು ಒಂಬತ್ತರಾಗ ಹೋತಂದ್ರ ಅಂಕಿ ಹಿಂದ ಮುಂದ ಆಗ್ಯಾವ ತಿಳಕೋ" ಅಂದರು.

2,700 ÷ 9 = 300. ಇದರಲ್ಲಿ ಎರಡು ಸುಳಿವು ಇವೆ. 3 ಎಂದರೆ ಅದಲು ಬದಲಾದ ಎರಡು ಅಂಕಿಗಳ ನಡುವೆ ಮೂರರ ಅಂತರ ಇದೆ. ಎರಡು ಸೊನ್ನೆ ಎಂದರೆ ತಪ್ಪಾಗಿರುವುದು ನೂರರ ಮತ್ತು ಸಾವಿರದ ಸ್ಥಾನದಲ್ಲಿ. ಆ ಎರಡು ಜಾಗ ಮಾತ್ರ ನೋಡುತ್ತಾ ಬಂದೆ. 18,520 ಇರಬೇಕಾದಲ್ಲಿ 15,820 ಬರೆದಿದ್ದೆ. ಐದು ನಿಮಿಷದ ಕೆಲಸ. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ಫರಕು ಯಾವಾಗಲೂ ಒಂಬತ್ತರ ಮಡಿ. ಇವತ್ತಿಗೂ ಕಂಪ್ಯೂಟರಿನಲ್ಲಿ ಎಂಟ್ರಿ ಮಾಡುವವರಿಗೆ ಇದು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಉಳಿದ ಅವಿಭಾಜ್ಯಗಳನ್ನು ಒಂದೊಂದಾಗಿ ಹಾಯಿಸಿ

ಬಳ್ಳಾರಿಗೆ 64789 ಉಳಿದಿದೆ. 2, 3, 5, 7, 11, 13, 37 ಮುಗಿದವು. ಇನ್ನು 17, 19, 23, 29, 31, 41 ಹೀಗೆ ಹೋಗಬೇಕು. ಪ್ರತಿ ಸಲ ಉದ್ದ ಭಾಗಾಕಾರ ಮಾಡುತ್ತಾ ಕೂರಬೇಡಿ. ನಾನು ಮಾಡುವುದು ಬಾಲ ಕತ್ತರಿಸುವ ವಿಧಾನ. ಭಾಜಕದ ಯಾವುದಾದರೂ ಮಡಿಯನ್ನು ಕೂಡಿಯೋ ಕಳೆದೋ ಕೊನೆಯ ಅಂಕಿಯನ್ನು ಸೊನ್ನೆ ಮಾಡಿ. ಸೊನ್ನೆ ತೆಗೆದುಹಾಕಿ. ಸಂಖ್ಯೆ ಚಿಕ್ಕದಾಗುವವರೆಗೆ ಹೀಗೇ ಮಾಡಿ.

23ಕ್ಕೆ ನೋಡೋಣ. 64789ಕ್ಕೆ 161 (23 × 7) ಕೂಡಿದರೆ 64950, ಸೊನ್ನೆ ತೆಗೆದರೆ 6495. ಅದಕ್ಕೆ 115 ಕೂಡಿದರೆ 6610, ಉಳಿದದ್ದು 661. ಅದಕ್ಕೆ 69 ಕೂಡಿದರೆ 730, ಉಳಿದದ್ದು 73. ಇದು 23ರ ಮಗ್ಗಿಯಲ್ಲಿ ಇಲ್ಲ. 23ನ್ನು ಹೊಡೆದುಹಾಕಿ.

ಹೀಗೆ ಹೋಗುತ್ತಾ ಹೋಗುತ್ತಾ 61 ಕೂಡ ಕೈಕೊಟ್ಟ ಮೇಲೆ 67 ಬಂತು. 64789ರಲ್ಲಿ 469 (67 × 7) ಕಳೆದರೆ 64320, ಅಂದರೆ 6432. ಅದರಲ್ಲಿ 402 ಕಳೆದರೆ 6030, ಅಂದರೆ 603. ಇದು 67 × 9! ಸಿಕ್ಕಿತು. 64789 ÷ 67 = 967.

ಇದೇ ಉಪಾಯದಿಂದ ಡ್ಯಾಮಿನ 26447ರಲ್ಲಿ 53 ಹುಡುಕಿ. ಅಲ್ಲಿ ಇನ್ನೊಂದು ಅಡ್ಡದಾರಿಯೂ ಇದೆ: 26500ಕ್ಕೆ ಸರಿಯಾಗಿ 53 ಕಮ್ಮಿ, ನೋಡಿದಿರಾ?

ಹೆಜ್ಜೆ 4: ಎಲ್ಲಿ ನಿಲ್ಲಿಸಬೇಕು

967 ಅವಿಭಾಜ್ಯವೋ ಅಲ್ಲವೋ? 966ರವರೆಗೆ ಎಲ್ಲವನ್ನೂ ನೋಡಬೇಕಿಲ್ಲ. ವರ್ಗಮೂಲದವರೆಗೆ ಸಾಕು. ಒಂದು ಸಂಖ್ಯೆ ಎರಡರ ಗುಣಲಬ್ಧವಾಗಿದ್ದರೆ ಎರಡರಲ್ಲಿ ಒಂದಾದರೂ ವರ್ಗಮೂಲವನ್ನು ಮೀರುವುದಿಲ್ಲ. 31 × 31 = 961, 32 × 32 = 1024. ಹಾಗಾಗಿ 31ರವರೆಗೆ ನೋಡಿದರೆ ಮುಗಿಯಿತು. ಯಾವುದೂ ಹೋಗುವುದಿಲ್ಲ. 967 ಅವಿಭಾಜ್ಯ.

ಬಳ್ಳಾರಿ: 583101 = 3² × 67 × 967.
ಕೊಪ್ಪಳ: 583231 = 11 × 37 × 1433. ಇಲ್ಲೂ 1433ಕ್ಕೆ 37ರವರೆಗೆ ನೋಡಿದರೆ ಸಾಕು.

ರಾಯಚೂರು ಮಾತ್ರ ಬೆವರಿಳಿಸಿತು. 83443ರ ವರ್ಗಮೂಲ 288ಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟರೊಳಗೆ 61 ಅವಿಭಾಜ್ಯಗಳಿವೆ. ಮುಗಿದ ಏಳನ್ನು ಬಿಟ್ಟರೆ 54 ಉಳಿಯಿತು. ನಾನೂ ಹುಡುಗನೂ ಹಂಚಿಕೊಂಡೆವು, ಅವನಿಗೆ 100ರ ಕೆಳಗಿನವು, ನನಗೆ ಮೇಲಿನವು. 149 ಬಂದಾಗ ಶೇಷ 3. 181 ಬಂದಾಗ ಶೇಷ 2. ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ ಜಾರಿಹೋಗುತ್ತಿತ್ತು. ಕೊನೆಗೆ 283 ಕೂಡ ಮುಗಿಯಿತು, ಯಾವುದೂ ಹೋಗಲಿಲ್ಲ. 83443 ಅವಿಭಾಜ್ಯ. 584101 = 7 × 83443, ಅಷ್ಟೇ. ಹನ್ನೆರಡು ಅಂಕಿಯ ಡ್ಯಾಮ್ ಚಹಾ ಕುಡಿಯುವುದರೊಳಗೆ ಬಿಚ್ಚಿಕೊಂಡಿತ್ತು, ಈ ಆರಂಕಿ ಊಟದ ಹೊತ್ತಿನವರೆಗೆ ಎಳೆಯಿತು.

ಅಭ್ಯಾಸಕ್ಕೆ ಚಿಕ್ಕದು ಬೇಕೆಂದರೆ ಕೊಪ್ಪಳ ಜಿಲ್ಲೆಯಾದ ವರ್ಷವನ್ನೇ ತಗೊಳ್ಳಿ. 1997 ಅವಿಭಾಜ್ಯ ಎಂದು ಸಾಧಿಸಲು 43ರವರೆಗೆ ಹೋದರೆ ಸಾಕು.

ಎರಡು ಭಾಗಗಳು ಹತ್ತಿರ ಹತ್ತಿರ ಇದ್ದಾವೆಂಬ ಗುಮಾನಿ ಬಂದರೆ ಫ್ರಾನ್ಸಿನ ಫರ್ಮಾ 17ನೇ ಶತಮಾನದಲ್ಲಿ ಹೇಳಿದ ದಾರಿ ಒಳ್ಳೆಯದು. ಸಂಖ್ಯೆಗಿಂತ ಸ್ವಲ್ಪ ದೊಡ್ಡ ವರ್ಗ ಹುಡುಕಿ, ವ್ಯತ್ಯಾಸ ಕೂಡ ವರ್ಗವೇ ಎಂದು ನೋಡಿ. 9991ಕ್ಕೆ 100² − 9991 = 9, ಅದು 3². ಆದ್ದರಿಂದ 9991 = 97 × 103. ಬಳ್ಳಾರಿಗೂ ಇದು ನಡೆಯುತ್ತದೆ: 785² − 182² = 583101. ಆದರೆ 764ರಿಂದ ಶುರುಮಾಡಿ 785ಕ್ಕೆ ಮುಟ್ಟಲು 22 ಸಲ ಪ್ರಯತ್ನಿಸಬೇಕು. ಅದಕ್ಕಿಂತ 67ನ್ನು ಹುಡುಕುವುದೇ ಸಲೀಸು.

ಹೆಜ್ಜೆ 5: ಈಗ ಗುಣಗಳನ್ನು ಓದಿ

ಎಷ್ಟು ಭಾಜಕಗಳಿವೆ? ಪ್ರತಿ ಘಾತಕ್ಕೆ ಒಂದು ಕೂಡಿ, ಎಲ್ಲವನ್ನೂ ಗುಣಿಸಿ. ಬಳ್ಳಾರಿಯ ಘಾತಗಳು 2, 1, 1. ಅಂದರೆ 3 × 2 × 2 = 12. ಅವು 1, 3, 9, 67, 201, 603, 967, 2901, 8703, 64789, 194367, 583101. ಕೊಪ್ಪಳಕ್ಕೆ 8. ರಾಯಚೂರಿಗೆ 4 ಮಾತ್ರ. ಡ್ಯಾಮಿನ ಸಂಖ್ಯೆಗೆ 9 × 7 × 2 × 2 = 252!

ಭಾಜಕಗಳ ಮೊತ್ತ? ಪ್ರತಿ ಅವಿಭಾಜ್ಯಕ್ಕೂ 1ರಿಂದ ಅದರ ದೊಡ್ಡ ಘಾತದವರೆಗೆ ಕೂಡಿ, ಬಂದವುಗಳನ್ನು ಗುಣಿಸಿ. ಬಳ್ಳಾರಿ: (1 + 3 + 9) × (1 + 67) × (1 + 967) = 13 × 68 × 968 = 855712. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 272611. ಸಂಖ್ಯೆಗಿಂತ ಇದು ಕಮ್ಮಿ, ಹಾಗಾಗಿ ಬಳ್ಳಾರಿಯದು ಕೊರತೆಯ ಸಂಖ್ಯೆ. ಹೀಗೆ ಬಂದದ್ದು ಸಂಖ್ಯೆಗೆ ಸರಿಸಮ ಇದ್ದರೆ ಅದು ಪರಿಪೂರ್ಣ ಸಂಖ್ಯೆ. ಅಂಥವು ಬಹಳ ಅಪರೂಪ: 6, 28, 496, 8128, ಆಮೇಲಿನದು ಮೂರು ಕೋಟಿ ದಾಟುತ್ತದೆ.

ಈಗ ಸಿಂಧನೂರಿಗೆ ಬನ್ನಿ. 2⁶ × 9127. ಮೊತ್ತ 127 × 9128 = 1159256. ಅದರಲ್ಲಿ 584128 ಕಳೆದರೆ 575128. ಪರಿಪೂರ್ಣವಾಗಲು ಸರಿಯಾಗಿ 9000 ಕಮ್ಮಿ! ಇಷ್ಟು ಗುಂಡಗೆ ಯಾಕೆ ಬಂತು ಎಂದು ಸ್ವಲ್ಪ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಪರಿಪೂರ್ಣ ಸಂಖ್ಯೆ 8128 ಎಂದರೆ 2⁶ × 127. ಸಿಂಧನೂರಿನಲ್ಲಿ 127ರ ಜಾಗದಲ್ಲಿ 9127 ಕೂತಿದೆ. ಎರಡಕ್ಕೂ ಇರುವ ವ್ಯತ್ಯಾಸವೇ ಆ 9000. ಪಿನ್‌ಕೋಡಿನ ಕೊನೆಯ ಮೂರಂಕಿ 128 ಎಂಬುದನ್ನೂ ಗಮನಿಸಿ.

ಹೆಜ್ಜೆ 6: ತಾಳೆ ನೋಡಿ

ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿ. ಕೊಪ್ಪಳದಲ್ಲಿ 11 ಎಂದರೆ 2, 37 ಎಂದರೆ 1, 1433 ಎಂದರೆ 2. ಗುಣಿಸಿದರೆ 4. 583231ನ್ನು ಕೂಡಿದರೆ 22, ಅಂದರೆ 4. ಸರಿಹೋಯಿತು. ಆದರೆ ಅಂಕಿ ಹಿಂದೆ ಮುಂದೆ ಆದರೆ ಈ ತಾಳೆಗೆ ಗೊತ್ತಾಗುವುದಿಲ್ಲ, ಗುಮಾಸ್ತರ ಮಾತು ನೆನಪಿದೆಯಲ್ಲ. ಹಾಗಾಗಿ ಒಮ್ಮೆ ಮೊಬೈಲಿನಲ್ಲಿ ಗುಣಿಸಿಯೂ ನೋಡಿ.

ದೊಡ್ಡ ಸಂಖ್ಯೆಗೆ ಎಕ್ಸೆಲ್ ಬಳಸುವವರು ಹುಷಾರು. ಅದು 15 ಅಂಕಿಯವರೆಗೆ ಮಾತ್ರ ನಿಖರ. 16 ಅಂಕಿ ಹೊಡೆದರೆ ಕೊನೆಯ ಅಂಕಿಯನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ. ಉದ್ದದ ಖಾತೆ ನಂಬರು, ಕಾರ್ಡ್ ನಂಬರು ಬರೆಯುವಾಗ ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಎಂದು ಬದಲಿಸಿಕೊಳ್ಳಿ.

ಗಂಗಾವತಿಯವರಿಗೆ ಒಂದು ಲೆಕ್ಕ ಬಿಟ್ಟಿದ್ದೇನೆ. ನಿಮ್ಮದು 583227. ತುಂಡು ಕೂಡಿದರೆ 810, ಅದು 27 × 30. ಹಾಗಾಗಿ 27 ಆಗಲೇ ಸಿಕ್ಕಿದೆ. ಉಳಿದ 21601ರ ಜೊತೆ 139ರವರೆಗಿನ ಗುದ್ದಾಟ ನಿಮ್ಮದು.